ಬರೋಕಾಗಲ್ಲ ಅಂತ ಹೇಳದ ರಾತ್ರಿ

2019ರ ನವೆಂಬರ್ ತಿಂಗಳು. ತುಮಕೂರಿನ ಒಂದು ಡಿಗ್ರಿ ಕಾಲೇಜು. ಬೆಳಗ್ಗೆ 10 ಗಂಟೆಗೆ ಬಿಎ ಮೂರನೇ ಸೆಮಿಸ್ಟರಿನ ಎಕನಾಮಿಕ್ಸ್ ಪರೀಕ್ಷೆ. ಕಣ್ಣು ಕಾಣದ ನಮ್ಮ ವಿದ್ಯಾರ್ಥಿನಿ 9 ಗಂಟೆಗೇ ಬಂದು ಕೆಳಗಿನ ಮಹಡಿಯ ಕೊನೇ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಹಾಲ್ ಟಿಕೆಟ್. ಕೈಯಲ್ಲಿ ಎರಡು ಪೆನ್ನು. ಅವಳ ಉತ್ತರಗಳನ್ನು ಬರೆಯಲು ಬರಬೇಕಿದ್ದ ಹುಡುಗನಿಗಾಗಿ ಆ ಪೆನ್ನು. ಅವನು ತರೋದು ಮರೆತರೆ ಕಷ್ಟ ಅಂತ ಹಿಂದಿನ ದಿನವೇ ತೆಗೆದುಕೊಂಡಿದ್ದಳು.

ಆ ಹುಡುಗ ಬರಲಿಲ್ಲ.

ಅವನನ್ನು ಗೊತ್ತುಮಾಡಿದ್ದು ನಾನು. ಆ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಮೇಡಂ, ಎನ್‌ಎಸ್‌ಎಸ್ ಅಧಿಕಾರಿಯೂ ಹೌದು. ಅಂಧ ವಿದ್ಯಾರ್ಥಿಗಳಿಗೆ ಸ್ಕ್ರೈಬ್, ಅಂದರೆ ಅವರು ಹೇಳಿದ ಉತ್ತರ ಬರೆದುಕೊಡುವವರನ್ನು, ಹುಡುಕಿ ಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಈ ಒಂದು ಬೆಳಗ್ಗೆಯ ಬಗ್ಗೆ ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಹುಡುಗಿಯನ್ನೂ ಹುಡುಗನನ್ನೂ ಕೇಳಿ, ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಬೇಡ.

ಸ್ಕ್ರೈಬ್ ಅಂದರೆ ಏನು ಮಾಡ್ತಾರೆ

ಹೊರಗಿನವರಿಗೆ ಇದು ಸುಲಭದ ಕೆಲಸ ಅನ್ನಿಸುತ್ತದೆ. ಅವರು ಹೇಳ್ತಾರೆ, ಇವರು ಬರೀತಾರೆ, ಅಷ್ಟೇ ಅಲ್ವಾ ಅಂತ. ಪಕ್ಕದಲ್ಲಿ ನಿಂತು ಒಮ್ಮೆ ನೋಡಬೇಕು.

ಮೊದಲು ಪ್ರಶ್ನೆ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಬೇಕು, ಅಂಕಗಳ ಸಮೇತ. ಯಾವುದನ್ನು ಮೊದಲು ಬರೆಯಬೇಕು ಅಂತ ಅಭ್ಯರ್ಥಿ ತೀರ್ಮಾನಿಸುವಾಗ ಇನ್ನೊಮ್ಮೆ ಓದಬೇಕು. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ತಪ್ಪು ಅಂತ ಗೊತ್ತಿದ್ದರೂ ತಿದ್ದುವ ಹಾಗಿಲ್ಲ. ಗೊತ್ತಿಲ್ಲದ ಪದ ಬಂದರೆ ಅಕ್ಷರ ಬಿಡಿಸಿ ಹೇಳಿಸಿಕೊಳ್ಳಬೇಕು. "ಪುಟ ಮುಗೀತು", "ಇನ್ನು 40 ನಿಮಿಷ ಇದೆ", "ಈ ಉತ್ತರ ಈಗಾಗಲೇ ಎರಡೂವರೆ ಪುಟ ಆಯ್ತು" ಅಂತ ಆಗಾಗ ತಿಳಿಸಬೇಕು. ಪಕ್ಕದಲ್ಲೇ ಇನ್ವಿಜಿಲೇಟರ್ ಕೂತಿರುತ್ತಾರೆ, ಇಬ್ಬರ ಪ್ರತಿ ಮಾತೂ ಅವರ ಕಿವಿಗೆ ಬೀಳುತ್ತಿರುತ್ತದೆ.

ಇದಕ್ಕೆಲ್ಲ ನಿಯಮಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ, 2018ರ ಆಗಸ್ಟ್ 29ರಂದು ಕೇಂದ್ರ ಸರ್ಕಾರ ಪರೀಕ್ಷೆಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಆಗಿನ ಆ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಅಭ್ಯರ್ಥಿ ತಾವೇ ಸ್ಕ್ರೈಬ್ ಕರೆತಂದರೆ ಆ ಸ್ಕ್ರೈಬ್ ಓದಿನಲ್ಲಿ ಒಂದು ಹಂತ ಕೆಳಗಿರಬೇಕು ಅಂತ ಅದರಲ್ಲಿತ್ತು. ಪರೀಕ್ಷೆ ನಡೆಸುವವರೇ ಕೊಟ್ಟರೆ, ಎರಡು ದಿನ ಮೊದಲು ಅಭ್ಯರ್ಥಿಗೆ ಅವರನ್ನು ಭೇಟಿ ಮಾಡಿಸಬೇಕು. ತುರ್ತು ಬಂದರೆ ಸ್ಕ್ರೈಬ್ ಬದಲಿಸಲು ಅವಕಾಶ ಇರಬೇಕು. ಈ ಮಾರ್ಗಸೂಚಿಯ ಪ್ರಿಂಟ್ ನನ್ನ ಟೇಬಲ್ಲಿನ ಎರಡನೇ ಡ್ರಾಯರಿನಲ್ಲಿತ್ತು. ಈ ಮಾತನ್ನು ಯಾಕೆ ಹೇಳಿದೆ ಅನ್ನೋದು ಮುಂದೆ ಬರುತ್ತದೆ.

ಒಂದು ಹಂತ ಕೆಳಗೆ ಅನ್ನುವ ನಿಯಮದಿಂದ ನಮ್ಮ ಬಿಎ ಹುಡುಗಿಗೆ ಪಿಯುಸಿ ಓದುತ್ತಿರುವವರೇ ಬೇಕಿತ್ತು. ಊರಿನ ಇನ್ನೊಂದು ತುದಿಯಲ್ಲಿರುವ ಪಿಯು ಕಾಲೇಜಿನ ಸೆಕೆಂಡ್ ಪಿಯುಸಿ ಹುಡುಗನೊಬ್ಬ ಒಪ್ಪಿದ. ಸೈನ್ಸ್ ವಿದ್ಯಾರ್ಥಿ, ಅಕ್ಷರ ದುಂಡಗಿತ್ತು. ಎರಡು ಪತ್ರಿಕೆಗಳಿಗೆ ಬಂದು ಚೆನ್ನಾಗಿಯೇ ಬರೆದಿದ್ದ. ಎಕನಾಮಿಕ್ಸ್ ಮೂರನೆಯದು, ಕೊನೆಯದು.

ಆ ಬೆಳಗ್ಗೆ

9.15ಕ್ಕೆ ಬರಬೇಕಿತ್ತು. 9.30ಕ್ಕೆ ಫೋನ್ ಮಾಡಿದೆ, ಸ್ವಿಚ್ ಆಫ್. ಬಸ್ಸಲ್ಲಿ ಇರಬಹುದು, ಚಾರ್ಜ್ ಮುಗಿದಿರಬಹುದು ಅಂದುಕೊಂಡು ಹದಿನೈದು ನಿಮಿಷ ಸುಮ್ನೆ ಗೇಟಿನ ಕಡೆ ನೋಡುತ್ತಾ ನಿಂತೆ. ಆ ಹದಿನೈದು ನಿಮಿಷ ನನ್ನದೇ ತಪ್ಪು. ಆಗಲೇ ಓಡಬೇಕಿತ್ತು.

9.45ಕ್ಕೆ ನಮ್ಮ ಕ್ಯಾಂಪಸ್ಸಿನಲ್ಲೇ ಇರುವ ಪಿಯು ವಿಭಾಗಕ್ಕೆ ಹೋದೆ. ಫಸ್ಟ್ ಪಿಯುಸಿ ತರಗತಿಯೊಂದರ ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ಅವಳಿಗೆ ಎಕನಾಮಿಕ್ಸ್ ಗಂಧಗಾಳಿ ಇಲ್ಲ. ಆದರೂ "ನಾನು ಬರ್ತೀನಿ ಮಿಸ್" ಅಂದಳು.

ಕಾಗದ ಪತ್ರ ಆಗಬೇಕಲ್ಲ. ಪ್ರಿನ್ಸಿಪಾಲರ ಪತ್ರ, ಫೋಟೋ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ನಕಲು. ಸೀಲು ಬೀರುವಿನಲ್ಲಿತ್ತು, ಬೀರುವಿನ ಕೀ ಇಟ್ಟುಕೊಂಡಿದ್ದ ಗುಮಾಸ್ತರು ಬ್ಯಾಂಕಿಗೆ ಹೋಗಿದ್ದರು. ಎಲ್ಲ ಮುಗಿದು ಚೀಫ್ ಸೂಪರಿಂಟೆಂಡೆಂಟ್ ಸಹಿ ಹಾಕುವಾಗ 10.35. ನಮ್ಮ ವಿದ್ಯಾರ್ಥಿನಿ ಪರೀಕ್ಷೆ ಶುರು ಮಾಡಿದ್ದು 10.40ಕ್ಕೆ.

ಅಷ್ಟೂ ಹೊತ್ತು ಅವಳು ಡೆಸ್ಕಿನ ಮುಂದೆ ಕೂತಿದ್ದಳು. ಎದುರಿಗೆ ಪ್ರಶ್ನೆ ಪತ್ರಿಕೆ ಇತ್ತು. ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಅದರಲ್ಲಿ ಏನು ಬರೆದಿದೆ ಅಂತ ಓದಿ ಹೇಳುವವರಿರಲಿಲ್ಲ. ಇನ್ವಿಜಿಲೇಟರ್ ಓದಿ ಹೇಳಬಹುದಿತ್ತು, ಅವರಿಗೂ ಭಯ, ನಿಯಮ ಏನಿದೆಯೋ ಅಂತ. ಉಳಿದ ರೂಮುಗಳಲ್ಲಿ ಪೆನ್ನಿನ ಸದ್ದು. ಈ ರೂಮಿನಲ್ಲಿ ಫ್ಯಾನಿನ ಸದ್ದು ಮಾತ್ರ.

ನಾಲ್ಕು ಗಂಟೆಯ ಲೆಕ್ಕದಲ್ಲಿ ಅವಳಿಗೆ 2.40ರವರೆಗೆ ಸಮಯ ಸಿಗಬೇಕಿತ್ತು. ಮಧ್ಯಾಹ್ನದ ಪರೀಕ್ಷೆಗೆ ರೂಮು ಬೇಕು ಅಂತ 2.15ಕ್ಕೆ ನಿಲ್ಲಿಸಿದರು. ತುರ್ತಿನಲ್ಲಿ ಸ್ಕ್ರೈಬ್ ಬದಲಿಸಲು ಅವಕಾಶ ಕೊಡಬೇಕು ಎಂದ ಮೇಲೆ, ಬದಲಿಸಲು ಹೋದ ಸಮಯವನ್ನು ಅವಳ ಲೆಕ್ಕದಿಂದ ಕಳೆಯುವುದು ಸರಿಯಲ್ಲ. ಇದನ್ನು ಆ ಪ್ರಿಂಟ್ ಹಿಡಿದುಕೊಂಡು ನಾನು ವಾದಿಸಬೇಕಿತ್ತು. ವಾದಿಸಲಿಲ್ಲ. ಡ್ರಾಯರ್ ನೆನಪಾಗಿದ್ದು ಸಂಜೆ. ಬೆಳಗ್ಗೆಯಿಂದ ಓಡಾಡಿ ಸುಸ್ತಾಗಿದ್ದೆ, ಹೇಗೋ ಪರೀಕ್ಷೆ ನಡೆಯಿತಲ್ಲ ಅನ್ನುವ ಸಮಾಧಾನದಲ್ಲಿದ್ದೆ.

25 ನಿಮಿಷ ಕಡಿಮೆ ಆಯಿತು. ಜೊತೆಗೆ ಹೊಸ ಸ್ಕ್ರೈಬ್. ಹಣದ ಪರಿಮಾಣ ಸಿದ್ಧಾಂತದ ಪ್ರಶ್ನೆಗೆ ಫಿಶರ್ ಅವರ ಸಮೀಕರಣ ಬರೆಸಬೇಕು. "ಎಂ ವಿ ಈಕ್ವಲ್ ಟು ಪಿ ಟಿ" ಅಂದರೆ ಆ ಫಸ್ಟ್ ಪಿಯುಸಿ ಹುಡುಗಿ ಪಾಪ ಕನ್ನಡದಲ್ಲಿ "ಎಂವಿ" ಅಂತ ಬರೆದುಬಿಟ್ಟಳು. ಅಕ್ಷರಗಳು ಇಂಗ್ಲಿಷಿನವು, ದೊಡ್ಡವು, ಒಂದರ ಪಕ್ಕ ಒಂದು ಅಂತ ಬಿಡಿಸಿ ಹೇಳಲು ಮೂರು ನಿಮಿಷ ಹೋಯಿತು. ಕೊನೆಗೆ ಹಣದುಬ್ಬರದ 15 ಅಂಕದ ಪ್ರಶ್ನೆಯಲ್ಲಿ ಕಾರಣಗಳು ಮುಗಿದವು, ಪರಿಹಾರಗಳಿಗೆ ಬರುವಷ್ಟರಲ್ಲಿ ಪೇಪರ್ ತೆಗೆದುಕೊಂಡರು.

ಉಳಿದೆರಡು ಪತ್ರಿಕೆಗಳಲ್ಲಿ 80ಕ್ಕೆ 58 ಮತ್ತು 61 ಬಂದವು. ಇದರಲ್ಲಿ 41.

ಅವನು ಯಾಕೆ ಬರಲಿಲ್ಲ

ಮೂರು ದಿನ ಅವನ ಫೋನು ಎತ್ತಲಿಲ್ಲ. ನಾಲ್ಕನೇ ದಿನ ಅವನೇ ಕಾಲೇಜಿಗೆ ಬಂದ. ಸ್ಟಾಫ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಮೊದಲು "ಚಾರ್ಜ್ ಇರಲಿಲ್ಲ ಮೇಡಂ" ಅಂದ. ನಾನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಳುತ್ತಾ ನಿಜ ಹೇಳಿದ.

ಹಿಂದಿನ ಸಂಜೆ ಅವನ ಕಾಲೇಜಿನಲ್ಲಿ, ನಾಳೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಟೆಸ್ಟ್, ಯಾರೂ ತಪ್ಪಿಸುವಂತಿಲ್ಲ, ರೆಕಾರ್ಡ್ ಬುಕ್ ತರಬೇಕು ಅಂತ ಹೇಳಿದ್ದರು. ಇವನು ಸ್ಕ್ರೈಬ್ ಆಗಿ ಹೋಗುತ್ತಿರುವುದು ಅಲ್ಲಿಯ ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. 7 ಗಂಟೆಗೆ ನನಗೆ ಫೋನ್ ಮಾಡೋಣ ಅಂದುಕೊಂಡ. ಮಾಡಲಿಲ್ಲ. 9 ಗಂಟೆಗೆ ಮೆಸೇಜ್ ಟೈಪ್ ಮಾಡಿದ. ತನ್ನ ಫೋನ್ ತೆಗೆದು ನನಗೆ ತೋರಿಸಿದ. ಕಳಿಸದ ಆ ಮೆಸೇಜ್ ಇನ್ನೂ ಹಾಗೇ ಇತ್ತು: "ಮೇಡಂ ನಾಳೆ ನನಗೆ". ಅಷ್ಟೇ. 10 ಗಂಟೆಗೆ ಫೋನ್ ಆಫ್ ಮಾಡಿ ಮಲಗಿದ. ನಿದ್ದೆ ಬರಲಿಲ್ಲವಂತೆ.

"ಒಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲೋ" ಅಂದೆ.

"ಬರಲ್ಲ ಅಂದ್ರೆ ನೀವು ಗ್ರೂಪಲ್ಲಿ ಹಾಕ್ತೀರ ಅಂತ ಭಯ ಆಯ್ತು ಮೇಡಂ."

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಸ್ಕ್ರೈಬ್‌ಗಳಿಗಾಗಿ ನಾನೇ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ಆ ಘಟನೆಗೆ ಎರಡು ವಾರ ಮೊದಲು, ಹೆಸರು ಕೊಟ್ಟಿದ್ದ ಹುಡುಗಿಯೊಬ್ಬಳು, ಪರೀಕ್ಷೆಗೆ ಇನ್ನೂ ಮೂರು ದಿನ ಇರುವಾಗಲೇ, ಮನೆಯಲ್ಲಿ ತೊಂದರೆ ಇದೆ, ಬರೋಕಾಗಲ್ಲ ಅಂತ ಗ್ರೂಪಿನಲ್ಲಿ ಬರೆದಿದ್ದಳು. ನಾನು ಸಿಟ್ಟಿನಲ್ಲಿ ಉದ್ದನೆಯ ಮೆಸೇಜ್ ಹಾಕಿದ್ದೆ. ಕೊಟ್ಟ ಮಾತಿಗೆ ಬೆಲೆ ಇಲ್ಲದವರು ಹೆಸರೇ ಕೊಡಬೇಡಿ, ಇಂಥವರಿಂದಲೇ ಇನ್ನೊಬ್ಬರ ಬದುಕು ಹಾಳಾಗುವುದು ಅಂತ. ಗ್ರೂಪಿನಲ್ಲಿದ್ದ ಇಪ್ಪತ್ತು ಮೂವತ್ತು ಮಕ್ಕಳು ಅದನ್ನು ಓದಿದರು. ಕೆಲವರು ಹೆಬ್ಬೆರಳು ಒತ್ತಿದರು. ಆ ಹುಡುಗಿಯ ಜಾಗಕ್ಕೆ ಮಾರನೇ ದಿನವೇ ಇನ್ನೊಬ್ಬರು ಸಿಕ್ಕರು, ಆ ಪರೀಕ್ಷೆ ಸರಿಯಾಗಿಯೇ ನಡೆಯಿತು.

ಅಂದರೆ, ತನ್ನ ಕೈಲಾಗದು ಅಂತ ಗೊತ್ತಾದ ತಕ್ಷಣ ಬಾಯಿಬಿಟ್ಟು ಹೇಳಿದವಳಿಗೆ ನಾನು ಎಲ್ಲರ ಮುಂದೆ ಬೈದಿದ್ದೆ. ಅದನ್ನು ನೋಡಿದ ಹುಡುಗ ಎರಡು ವಾರದ ಮೇಲೆ ಬಾಯಿ ಮುಚ್ಚಿಕೊಂಡು ಫೋನ್ ಆಫ್ ಮಾಡಿದ.

ಯಾರ ಪಾಲು ಎಷ್ಟು

ನನ್ನ ತಪ್ಪು ಸಿಕ್ಕಿತು ಅಂತ ಹುಡುಗನ ತಪ್ಪು ಕರಗಿಹೋಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಅವನಿಗೆ 17 ವರ್ಷ. ಹಿಂದಿನ ಎರಡು ಪತ್ರಿಕೆಗಳಲ್ಲಿ ಅವಳ ಪಕ್ಕದಲ್ಲೇ ಕೂತು ಬರೆದವನು. ತಾನು ಬರದಿದ್ದರೆ ಏನಾಗುತ್ತದೆ ಅಂತ ಊರಲ್ಲಿ ಇನ್ಯಾರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು.

ಟೆಸ್ಟ್‌ಗೆ ಹೋಗಿದ್ದು ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ಅವನ ಓದು ಅವನಿಗೆ ಮುಖ್ಯ. ಅಪ್ಪ ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟದ ಕೂಲಿ, ಮಗ ಸೈನ್ಸ್ ಓದಲಿ ಅಂತ ಸಾಲ ಮಾಡಿದವರು. ಆ ರಾತ್ರಿ 7 ಗಂಟೆಗೆ ಅವನು ಫೋನ್ ಮಾಡಿದ್ದರೆ ನನಗೆ ಹದಿನೈದು ಗಂಟೆ ಸಿಗುತ್ತಿತ್ತು. 10 ಗಂಟೆಗೆ ಮಾಡಿದ್ದರೂ ಹನ್ನೆರಡು ಗಂಟೆ. ಬೆಳಗ್ಗೆ 7ಕ್ಕೆ ಮಾಡಿದ್ದರೂ, ಪಿಯು ವಿಭಾಗದ ಗುಮಾಸ್ತರು ಬ್ಯಾಂಕಿಗೆ ಹೋಗುವ ಮೊದಲೇ ಸೀಲು ಹಾಕಿಸಬಹುದಿತ್ತು. ತಪ್ಪು ಸರಿಮಾಡಿಕೊಳ್ಳಲು ರಾತ್ರಿಯಿಡೀ ಬಾಗಿಲು ತೆರೆದೇ ಇತ್ತು. ನಾಚಿಕೆಯಿಂದ ಒಂದು ಗಂಟೆ ತಡಮಾಡಿದ, ತಡ ಆಯಿತಲ್ಲ ಅನ್ನುವ ನಾಚಿಕೆಯಿಂದ ಇನ್ನೊಂದು ಗಂಟೆ ತಡಮಾಡಿದ. ಫೀಸು, ಪ್ರಾಜೆಕ್ಟು, ರೂಮ್‌ಮೇಟಿಗೆ ಕೊಡಬೇಕಾದ ದುಡ್ಡು, ಎಲ್ಲದರಲ್ಲೂ ವಿದ್ಯಾರ್ಥಿಗಳು ಹೀಗೆ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿದ್ದೇನೆ. ಮೊದಲ ದಿನ ಹೇಳಿದ್ದರೆ ಚಿಕ್ಕ ಮಾತು. ಐದನೇ ದಿನಕ್ಕೆ ಅದು ಹೇಳಲಾಗದಷ್ಟು ದೊಡ್ಡದಾಗಿರುತ್ತದೆ.

ಇನ್ನು ನನ್ನ ಪಾಲು. ಬದಲಿ ಸ್ಕ್ರೈಬ್ ಇಟ್ಟುಕೊಂಡಿರಲಿಲ್ಲ. ಹುಡುಗನ ಕಾಲೇಜಿಗೆ ಒಂದು ಪತ್ರ ಬರೆದು ಈ ತಾರೀಖು ಅವನನ್ನು ಬಿಟ್ಟುಕೊಡಿ ಅಂತ ಕೇಳಿರಲಿಲ್ಲ. ಕೇಳಿದ್ದರೆ ಅಲ್ಲಿಯ ಮೇಷ್ಟ್ರು ಟೆಸ್ಟನ್ನು ಅವನಿಗೆ ಬೇರೆ ದಿನ ಇಡುತ್ತಿದ್ದರೋ ಏನೋ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು, ಅದನ್ನು ರಿಜಿಸ್ಟರಿನಲ್ಲಿ ಗೆರೆ ಹೊಡೆದು ಬರೆಯುತ್ತೇವೆ. ಗಂಟೆ ಎಣಿಸುವುದರಲ್ಲಿ ನಾನು ಬಹಳ ಚುರುಕು. ಒಬ್ಬ ಹುಡುಗ ಎರಡು ಜವಾಬ್ದಾರಿಗಳ ನಡುವೆ ಸಿಕ್ಕಿಕೊಂಡರೆ ಯಾರ ಹತ್ತಿರ ಹೋಗಬೇಕು ಅನ್ನೋದನ್ನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ.

ಪರೀಕ್ಷೆ ಬರೆದ ನಮ್ಮ ಹುಡುಗಿ ತನ್ನ ಪಾಲನ್ನೂ ಕೇಳಿದಳು. ಇದು ನನಗೆ ನಿಜಕ್ಕೂ ಆಶ್ಚರ್ಯ ತಂದಿತು. "ಅವನ ಅಮ್ಮನ ನಂಬರ್ ತಗೋಬೇಕಿತ್ತು ಮೇಡಂ. ಹಿಂದಿನ ರಾತ್ರಿ ನಾನೇ ಒಂದು ಫೋನ್ ಮಾಡಬೇಕಿತ್ತು. ಮಾಡಿದ್ರೆ ಅನುಮಾನ ಪಟ್ಟ ಹಾಗೆ ಆಗುತ್ತೆ, ಉಪಕಾರ ಮಾಡ್ತಿರೋನಿಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ" ಅಂದಳು.

ಈ "ಉಪಕಾರ" ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಸ್ಕ್ರೈಬ್ ಸಿಗುವುದು ಅವಳ ಹಕ್ಕು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಅಂಗವೈಕಲ್ಯ ಶೇಕಡಾ 40ರ ಮಿತಿ ಮುಟ್ಟದಿದ್ದರೂ ಬರೆಯಲು ಕಷ್ಟವಿರುವವರಿಗೆ ಸ್ಕ್ರೈಬ್ ಕೊಡಬೇಕು ಎಂದಿತು. ಆದರೆ ಹಕ್ಕು ಕಾಗದದಲ್ಲಿದ್ದರೂ, ಬೆಳಗ್ಗೆ ಬಸ್ಸು ಹತ್ತಿ ಬರುವವನು ಒಬ್ಬ ಹುಡುಗ. ದುಡ್ಡು ತಗೊಳ್ಳದೆ ಬರುತ್ತಾನೆ. ಹಾಗಾಗಿ ಎಲ್ಲರೂ ಅದನ್ನು ಉಪಕಾರ ಅಂತಲೇ ನೋಡುತ್ತಾರೆ, ಮಾಡುವವನೂ, ಪಡೆಯುವವಳೂ. ಉಪಕಾರವಾದರೆ ಮನಸ್ಸಿದ್ದರೆ ಮಾಡಬಹುದು, ಇಲ್ಲದಿದ್ದರೆ ಬಿಡಬಹುದು. ಪಡೆಯುವವಳು ನಾಳೆ ಬರ್ತೀಯಲ್ಲ ಅಂತ ಕೇಳುವುದಕ್ಕೂ ಹಿಂಜರಿಯಬೇಕು. ಹುಡುಗ ಆ ರಾತ್ರಿ ಅವಳನ್ನು ಮರೆತಿರಲಿಲ್ಲ ಅಂತ ನಾನು ನಂಬುತ್ತೇನೆ. ಆದರೆ ತನ್ನ ಟೆಸ್ಟು ಕರ್ತವ್ಯ, ಅವಳ ಪರೀಕ್ಷೆ ತಾನು ಮಾಡುವ ಉಪಕಾರ ಅಂತ ಅವನ ಮನಸ್ಸು ಮೊದಲೇ ಎರಡು ಕಪಾಟಿನಲ್ಲಿ ಇಟ್ಟುಬಿಟ್ಟಿತ್ತು. ನಾನು ಅದನ್ನು ಒಂದೇ ಕಪಾಟಿನಲ್ಲಿ ಇಡುವಂತೆ ಕಲಿಸಿರಲಿಲ್ಲ.

ಆಮೇಲೆ

ಅವನು ಅವಳ ಮುಂದೆ ಹೋಗಿ ಕೈಮುಗಿದ. "ಅಕ್ಕಾ, ತಪ್ಪಾಯ್ತು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಷಮಿಸಿದ್ರೆ ನನಗೇನು ಸಿಗುತ್ತೆ ತಮ್ಮಾ? ಮುಂದಿನ ಸೆಮಿಸ್ಟರ್ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡು" ಅಂದಳು. ಅವಳ ದನಿಯಲ್ಲಿ ಸಿಟ್ಟು ಇತ್ತು. ಇರಲಿ, ಅವಳಿಗೆ ಸಿಟ್ಟು ಬರುವುದು ನ್ಯಾಯವೇ.

ಬೇರೆ ಅಂಧ ವಿದ್ಯಾರ್ಥಿಗಳ ಹಾಗೆ ಅವಳೂ ಕೇಳಿಸಿಕೊಂಡೇ ಓದುವವಳು. ಇಂಗ್ಲಿಷ್ ಪುಸ್ತಕ ಫೋನಿನಲ್ಲಿದ್ದರೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಓದುತ್ತದೆ. ನಮ್ಮ ಕನ್ನಡ ಪಠ್ಯಗಳು, ನೋಟ್ಸ್‌ಗಳು ಬಹುಪಾಲು ಜೆರಾಕ್ಸ್ ರೂಪದಲ್ಲಿರುತ್ತವೆ, ಯಾರಾದರೂ ಮನುಷ್ಯರೇ ಓದಬೇಕು. ಸಾರ್ವಜನಿಕ ಹಣಕಾಸಿನ ಪುಸ್ತಕ ಅವನ ಕೈಗೆ ಕೊಟ್ಟೆವು. ವಾರಕ್ಕೆ ಒಂದು ಅಧ್ಯಾಯ ಅಂತ ಮಾತಾಯಿತು. ಒಂದು ವಾರ ಆಗದಿದ್ದರೆ ಮೊದಲೇ ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ. ಎರಡನೆಯ ಷರತ್ತು ನನಗಾಗಿ ಹಾಕಿದ್ದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಅವನ ಸೆಕೆಂಡ್ ಪಿಯುಸಿಯಲ್ಲಿ ಇಂಗ್ಲಿಷ್ ಒಂದೇ ಪರೀಕ್ಷೆ ಉಳಿದು, ಅದು ಜೂನ್ 18ರವರೆಗೆ ಮುಂದೆ ಹೋಯಿತು. ಆ ತಿಂಗಳುಗಳಲ್ಲಿ ಹಳ್ಳಿ ಮನೆಯಲ್ಲಿ ಕೂತು ರೆಕಾರ್ಡ್ ಮಾಡುತ್ತಿದ್ದ. ಹಿನ್ನೆಲೆಯಲ್ಲಿ ಕೋಳಿ ಕೂಗುವುದು, ಅವನ ಅಮ್ಮ ಯಾರನ್ನೋ ಕರೆಯುವುದು ಕೇಳಿಸುತ್ತದೆ. ಎರಡು ವಾರ "ಅಕ್ಕಾ ಈ ವಾರ ಆಗಲ್ಲ" ಅಂತ ಮೆಸೇಜ್ ಬಂತು.

ಒಂದು ರೆಕಾರ್ಡಿಂಗ್ ಅವಳು ನನಗೆ ಕೇಳಿಸಿದಳು. ತೆರಿಗೆಯ ಹೊರೆ ಕೊಳ್ಳುವವನ ಮೇಲೆ ಎಷ್ಟು, ಮಾರುವವನ ಮೇಲೆ ಎಷ್ಟು ಅನ್ನುವ ಭಾಗ. ಅಲ್ಲೊಂದು ಗ್ರಾಫ್ ಇದೆ. ಅವನು ಓದುವುದನ್ನು ನಿಲ್ಲಿಸಿ ಹೇಳುತ್ತಾನೆ: "ಅಕ್ಕಾ, ಇಲ್ಲಿ ಒಂದು ಗೆರೆ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುತ್ತೆ. ಇನ್ನೊಂದು ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಹತ್ತುತ್ತೆ. ಎರಡೂ ಸೇರೋ ಕಡೆ ಒಂದು ಚುಕ್ಕೆ ಇದೆ. ತೆರಿಗೆ ಹಾಕಿದ ಮೇಲೆ ಹತ್ತೋ ಗೆರೆ ಪೂರ್ತಿ ಸ್ವಲ್ಪ ಮೇಲಕ್ಕೆ ಜರುಗುತ್ತೆ. ಆಗ ಚುಕ್ಕೆನೂ ಜರುಗುತ್ತೆ." ಎರಡು ವರ್ಷ ಅವಳಿಗೆ ಪಾಠ ಮಾಡಿದ ನಾನು ಗ್ರಾಫ್ ಬಂದಾಗಲೆಲ್ಲ "ಇದು ನಿನಗೆ ಬೇಡ ಬಿಡಮ್ಮ, ವಿವರಣೆ ಬರೆದರೆ ಸಾಕು" ಅನ್ನುತ್ತಿದ್ದೆ.

ನಾಲ್ಕನೇ ಸೆಮಿಸ್ಟರಿನ ಪರೀಕ್ಷೆ ಕೊನೆಗೂ ನಡೆಯಲಿಲ್ಲ. ಕೊನೆಯ ವರ್ಷದವರನ್ನು ಬಿಟ್ಟು ಉಳಿದವರಿಗೆ ಪರೀಕ್ಷೆ ಇಲ್ಲ, ಹಿಂದಿನ ಅಂಕ ಮತ್ತು ಇಂಟರ್ನಲ್ ಅಂಕ ನೋಡಿ ಮುಂದಕ್ಕೆ ಕಳಿಸುತ್ತೇವೆ ಅಂತ 2020ರ ಜುಲೈನಲ್ಲಿ ಸರ್ಕಾರ ಹೇಳಿತು. ನವೆಂಬರಿನ ಆ 41 ಇಲ್ಲೂ ಲೆಕ್ಕಕ್ಕೆ ಬಂತು. ಸುದ್ದಿ ಕೇಳಿದ ದಿನ ಹುಡುಗ ನನಗೆ ಫೋನ್ ಮಾಡಿ "ಅದನ್ನ ಹೇಗಾದ್ರೂ ಸರಿ ಮಾಡ್ಬೋದಾ ಮೇಡಂ" ಅಂದ. ಆಗಲ್ಲ ಕಣೋ ಅಂದೆ.

ಬೈಸಿಕೊಂಡ ಆ ಇನ್ನೊಬ್ಬ ಹುಡುಗಿಗೂ ಫೋನ್ ಮಾಡಿದೆ. ಗ್ರೂಪಿನಲ್ಲೂ ನನ್ನ ತಪ್ಪು ಬರೆದೆ. "ಪರವಾಗಿಲ್ಲ ಮೇಡಂ, ಬಿಡಿ" ಅಂದಳು. ಮತ್ತೆ ಅವಳು ಯಾವ ಪರೀಕ್ಷೆಗೂ ಹೆಸರು ಕೊಡಲಿಲ್ಲ.

ಈಗ ನಮ್ಮಲ್ಲಿ ಪ್ರತಿ ಪತ್ರಿಕೆಗೂ ಇಬ್ಬರು ಸ್ಕ್ರೈಬ್. ಇಬ್ಬರ ಕಾಗದ ಪತ್ರವೂ ಮೊದಲೇ ತಯಾರು. ಅವರ ಕಾಲೇಜಿಗೆ ಪತ್ರ ಹೋಗುತ್ತದೆ. ಹಿಂದಿನ ದಿನ ಸಂಜೆ ಫೋನ್ ಮಾಡುವುದು ಅಭ್ಯರ್ಥಿಯ ಕೆಲಸ, ಹಿಂಜರಿಯುವ ಹಾಗಿಲ್ಲ.

ಐದನೇ ಸೆಮಿಸ್ಟರಿನ ಹೊತ್ತಿಗೆ ಹುಡುಗ ತಾನೇ ಡಿಗ್ರಿಗೆ ಸೇರಿದ್ದ. ಒಂದು ಹಂತ ಕೆಳಗೆ ಅನ್ನುವ ನಿಯಮದಿಂದ ಅವಳ ಪಕ್ಕ ಕೂತು ಬರೆಯಲು ಅವನಿಗೆ ಇನ್ನು ಸಾಧ್ಯವಿರಲಿಲ್ಲ. ಅವತ್ತು ಹಿಂದಿನ ಬೆಂಚಿನಿಂದ ಎದ್ದು ನಿಂತಿದ್ದ ಹುಡುಗಿಯೇ ಸ್ಕ್ರೈಬ್, ಈಗ ಅವಳು ಸೆಕೆಂಡ್ ಪಿಯುಸಿ. ಬದಲಿಯಾಗಿ ಅವನು ತನ್ನ ತಂಗಿಯನ್ನು ಕರೆತಂದಿದ್ದ, ಫಸ್ಟ್ ಪಿಯುಸಿ ಓದುತ್ತಿದ್ದವಳು. ಅವಳ ಮಾರ್ಕ್ಸ್ ಕಾರ್ಡ್, ಫೋಟೋ, ಪ್ರಿನ್ಸಿಪಾಲರ ಪತ್ರ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿತ್ತು. ಅಣ್ಣ ತಂಗಿ ಇಬ್ಬರೂ 9 ಗಂಟೆಯಿಂದ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ನಿಂತಿದ್ದರು. 10 ಗಂಟೆಗೆ ಬೆಲ್ಲಾಯಿತು. ರೂಮಿನೊಳಗಿಂದ ಪ್ರಶ್ನೆ ಪತ್ರಿಕೆ ಓದುವ ದನಿ ಕೇಳಿಸಿದ ಮೇಲೆ, ಅವನು ತಂಗಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟ.